ಮೀನೆಣ್ಣೆಯ ನೆರಳು

ನಮ್ಮೂರಿನಲ್ಲಿ ಯಾರಾದರೂ ಮನೆಯೊಳಗೆ ಬಂದರೆ ಅವರ ಬೆನ್ನಿಗೇ ಕದ ಮುಚ್ಚುವ ಪದ್ಧತಿಯಿಲ್ಲ. ಬಂದವರು ಕಾಲಿಗೆ ನೀರು ಹಾಕಿಕೊಂಡು ಚಾಪೆಯ ಮೇಲೆ ಕೂತ ಮೇಲೂ ಮನೆಯವರಲ್ಲೊಬ್ಬರು ಕದ ಹಿಡಿದುಕೊಂಡು ಒಂದು ಗಳಿಗೆ ನಿಂತಿರುತ್ತಾರೆ. ಅವರ ನೆರಳೂ ಹೊಸಿಲು ದಾಟಬೇಕಲ್ಲ. ಪ್ರಾಯದವರ ನೆರಳು ಹಿಂದೆಯೇ ಬಂದುಬಿಡುತ್ತದೆ. ಮೀನೆಣ್ಣೆ ಕುಡಿದು ಕುಡಿದು ಮಾಗಿದ ಮುದುಕರದು ಬೀದಿಯಲ್ಲಿ ಅಲ್ಲಿ ಇಲ್ಲಿ ತಂಗಿ, ಜಗಲಿ ಸವರಿಕೊಂಡು, ತನಗೆ ಬೇಕಾದಾಗ ಬರುತ್ತದೆ. ಅವಸರದಲ್ಲಿ ಕದ ಹಾಕಿ ನೆಂಟರ ನೆರಳನ್ನು ಸಂದಿಗೆ ಸಿಕ್ಕಿಸಿದ ಸೊಸೆಯನ್ನು ಊರು ಬಹಳ ದಿನ ಆಡಿಕೊಳ್ಳುತ್ತದೆ.

ಊರಿನ ನೆತ್ತಿಯ ಮೇಲೆ ಬಂಡೆ ಚಾಚಿಕೊಂಡಿದೆ. ನಮಗೆ ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ. ಕೆಸ, ಸುವರ್ಣಗೆಡ್ಡೆ, ಒಂದಿಷ್ಟು ಅರಿಸಿನ ಬೆಳೆಯುತ್ತೇವೆ. ರಾಗಿ ಬೇಕಾದರೆ ದಿಣ್ಣೆಯಾಚೆಯ ಸಂತೆಗೆ ಹೋಗಬೇಕು. ಇಲ್ಲಿ ಮರಕ್ಕೆ ನೆರಳಿಲ್ಲ, ದನಕ್ಕಿಲ್ಲ, ಗೋಡೆಗಿಲ್ಲ. ಬಂಡೆಯ ಬುಡದ ಮಡುವಿನಲ್ಲಿ ಕರಿಯ ಮೀನು ಸಿಗುತ್ತದೆ. ಅದರ ಈಲಿಯನ್ನು, ಸಂತೆ ಕಡೆಯವರು ಲಿವರ್ ಅನ್ನುವುದನ್ನು, ಕಾಯಿಸಿ ಇಳಿಸಿದ ಎಣ್ಣೆ ಕುಡಿದ ಮನುಷ್ಯರಿಗೆ ಮಾತ್ರ ನೆರಳು ಬೀಳುತ್ತದೆ. ಕುಡಿಯದ ಮಕ್ಕಳ ಮೂಳೆ ಹಸಿ ಬಿದಿರಿನಂತೆ ಬಾಗಿಹೋಗುತ್ತದೆ.

ಹಾಗೆ ಬಾಗಿದವಳು ನಮ್ಮ ಮನೆಯಲ್ಲೇ ಒಬ್ಬಳಿದ್ದಳು, ನನ್ನ ಗಂಡನ ಅಕ್ಕ ದ್ಯಾಮಿ. ಚಿಕ್ಕವಳಿದ್ದಾಗ ಎಣ್ಣೆ ಬಾಯಿಗೆ ಬಿಟ್ಟರೆ ಕಾರಿಬಿಡುತ್ತಿದ್ದಳಂತೆ. ಹಿರಿಯರು ಸಾಕಾಗಿ ಕೈಬಿಟ್ಟರು. ಅವಳ ಎರಡು ಕಾಲೂ ನೊಗದಂತೆ ಬಾಗಿ, ಮಣೆಯ ಮೇಲೆ ಕೂತು ಕೈಯೂರಿಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು. ನೆರಳೆಂಬುದು ಅವಳಿಗೆ ಬೀಳಲೇ ಇಲ್ಲ. ಅತ್ತ ಪಕ್ಕದ ಮನೆಯ ಮೂಗಪ್ಪನದು ಇನ್ನೊಂದು ಕತೆ. ಮಂಡಿನೋವಿಗೆಂದು ಬಟ್ಟಲುಗಟ್ಟಲೆ ಕುಡಿದವನು ಅವನು. ಅವನು ತೀರಿಹೋಗಿ ಎಷ್ಟೋ ಮಳೆಗಾಲ ಕಳೆದರೂ ನೆರಳು ಜಗಲಿ ಬಿಟ್ಟು ಎದ್ದಿಲ್ಲ. ಅವನ ಸೊಸೆ ಅರಿಸಿನ ಹರಡುವಾಗ, "ಮಾವಾ, ಕೊಂಚ ಆ ಕಡೆ" ಅನ್ನುತ್ತಾಳೆ. ಅದು ಸರಿದುಕೊಳ್ಳುತ್ತದೆ. ಈ ಎರಡು ಮನೆಯ ನಡುವಿನ ಗೋಡೆಗೆ ಒರಗಿಕೊಂಡು ನಾನು ನನ್ನ ಮಗಳು ಜವನಿಯನ್ನು ಸಾಕಬೇಕಾಗಿತ್ತು.

ಜವನಿ ತಡವಾಗಿ ಎದ್ದು ನಿಂತಳು. ನಿಂತಾಗ ಮಂಡಿಗಳು ಒಂದಕ್ಕೊಂದು ದೂರ, ನಡುವೆ ಒಂದು ಬೆಕ್ಕು ನುಸುಳಿ ಹೋಗುವಷ್ಟು ಸಂದು. ಎಣ್ಣೆ ಕಾಯಿಸುವ ತೊರೆಯಮ್ಮ ಮಗುವಿನ ಕಾಲು ಹಿಡಿದು ನೋಡಿದಳು, ಆಮೇಲೆ ನೆಲ ನೋಡಿದಳು. ನೆಲದ ಮೇಲೆ ಏನೂ ಇರಲಿಲ್ಲ. "ಚಿಪ್ಪು ಸುರು ಮಾಡವ್ವ. ಗೋಡೆ ಹೊತ್ಗೆ ನೆಳ್ಳು ಬಿದ್ದೀತು" ಅಂದಳು. ಚಿಪ್ಪೆಂದರೆ ಮಡುವಿನ ಕಪ್ಪೆಚಿಪ್ಪು, ಅದೇ ನಮಗೆ ಅಳತೆ. ಗೋಡೆಯೆಂದರೆ ಚಾವಡಿಯ ಸುಣ್ಣದ ಗೋಡೆ. ಐದು ತುಂಬಿದ ಮಕ್ಕಳನ್ನು ಅದರ ಮುಂದೆ ನಿಲ್ಲಿಸುತ್ತಾರೆ. ಮಗು ಕೈ ಎತ್ತಬೇಕು, ನೆರಳೂ ಎತ್ತಬೇಕು. ಆಗ ಚಾವಡಿಯ ಯಜಮಾನರು ಅದರ ಹೆಸರನ್ನು ಕೂಗಿ ಹೇಳುತ್ತಾರೆ. ಹೆಸರು ಕೂಗಿಸಿಕೊಂಡ ಮಗು ಶಾಲೆಗೆ ಹೋಗಬಹುದು, ದಿಣ್ಣೆ ಹತ್ತಿ ಸಂತೆ ನೋಡಬಹುದು. ಕೂಗಿಸಿಕೊಳ್ಳದ್ದು ಮನೆಯೊಳಗಿನ ಕೂಸಾಗಿಯೇ ಉಳಿಯುತ್ತದೆ. ನಮ್ಮ ದ್ಯಾಮಿ ತಲೆ ನರೆತರೂ ಊರಿನ ಬಾಯಲ್ಲಿ ಇನ್ನೂ "ಆ ಮನೆ ಕೂಸು".

ಎಣ್ಣೆ ಕೆಲಸ ಮಾಡಿತು, ಇಲ್ಲವೆಂದರೆ ನಾಲಿಗೆಗೆ ಹುಳ ಬಿದ್ದೀತು. ಚಳಿಗಾಲ ಕಳೆಯುವ ಹೊತ್ತಿಗೆ ಜವನಿ ಹಿತ್ತಿಲ ಕೆಸದ ಮಡಿಗಳ ನಡುವೆ ಓಡಾಡುತ್ತಿದ್ದಳು. ಕಾಲು ಪೂರ್ತಿ ನೆಟ್ಟಗಾಗದಿದ್ದರೂ ಗಟ್ಟಿಯಾಗಿತ್ತು. ಒಂದು ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದ ನನ್ನ ಅತ್ತೆ ಸಾಕವ್ವ, "ಲೇ, ಬಾರೆ ಇಲ್ಲಿ, ಪೊರಕೆ ಎತ್ತಾಕು ಅತ್ಲಾಗೆ!" ಎಂದು ಕೂಗಿದಳು. ಮಗುವಿನ ಹಿಮ್ಮಡಿಯಿಂದ ನೀರುಮಜ್ಜಿಗೆಯಂಥ ತೆಳ್ಳನೆಯ ನೆರಳು ಚೆಲ್ಲಿತ್ತು. ಅತ್ತೆ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಮುಟ್ಟಲು ಹೆದರಿಕೊಂಡು, ಕಣ್ಣೊರೆಸಿಕೊಂಡಳು. ದ್ಯಾಮಿಯನ್ನು ಹೆತ್ತವಳಲ್ಲವೇ ಅವಳು.

ಅಲ್ಲಿಗೇ ನಿಂತಿದ್ದರೆ ಈ ಕತೆಯಿರುತ್ತಿರಲಿಲ್ಲ. ಆದರೆ ನಮ್ಮೂರಿನವರು ಮಗುವಿನ ಕಾಲು ನೋಡಿ ಎಣ್ಣೆ ಹಾಕುವವರಲ್ಲ, ನೆರಳು ನೋಡಿ ಹಾಕುವವರು. ಓರಗೆಯ ಮಕ್ಕಳ ನೆರಳು ಕಾಡಿಗೆಯಂತಿರುವಾಗ ನಮ್ಮದು ಮಜ್ಜಿಗೆಯಂತಿದ್ದರೆ ಹೇಗೆ? ನೀರ ಹತ್ತಿರ ಹೆಂಗಸರು, "ಪಾಪ, ತೊಳೆದ್ರೆ ಹೋಗಂಗದೆ" ಎಂದು ನಕ್ಕದ್ದು ಅತ್ತೆಯ ಕಿವಿಗೆ ಬಿತ್ತು. ನನ್ನ ಗಂಡ ಕೆಂಚಪ್ಪ ಸಂತೆಯಿಂದ ಒಂದು ಸೀಸೆ ತಂದ. ಅದರೊಳಗೆ ಹಳದಿ ಗುಳಿಗೆಗಳು, ಬೆಳಕಿಗೆ ಹಿಡಿದರೆ ಮೀನಿನ ಕಣ್ಣಿನ ಹಾಗೆ ಹೊಳೆಯುತ್ತಿದ್ದವು. "ಇದ್ರಲ್ಲಿ ಮೀನೆಣ್ಣೆ ಸಾರವೆಲ್ಲ ಇಳ್ಸವ್ರಂತೆ. ವಾಸ್ನೆ ಇಲ್ಲ, ಗಬ್ಬಿಲ್ಲ" ಅಂದ. ಜವನಿ ಅದನ್ನು ಗೋಲಿಯಂತೆ ಕೆನ್ನೆಯೊಳಗೆ ಉರುಳಿಸಿ ನುಂಗುತ್ತಿದ್ದಳು.

ನೆರಳು ಕಪ್ಪಾಯಿತು. ಆಮೇಲೆ ದಪ್ಪವಾಯಿತು. ಆಮೇಲೆ ಉದ್ದವಾಯಿತು. ಮಗು ನನ್ನ ಸೊಂಟದೆತ್ತರ, ನೆರಳು ನನಗಿಂತ ಒಂದು ಗೇಣು ಮೇಲೆ. ಅದಕ್ಕೆ ಹೆಣ್ಣಿನ ಭುಜ ಬಂತು, ತುರುಬು ಬಂತು. ನೋಡಲು ಜನ ಬರತೊಡಗಿದರು. "ಎಂಥ ನೆರಳು ಕಣವ್ವ, ಮೈ ತುಂಬ್ಕಂಡದೆ" ಎಂದು ದೃಷ್ಟಿ ತೆಗೆದು ಹೋದರು. ಕೆಂಚಪ್ಪ ಜಗಲಿಯ ಮೇಲೆ ಕೂತು ಎಲೆಯಡಿಕೆ ಕೊಟ್ಟು ಕೊಟ್ಟು ಕಳಿಸಿದ. ಆದರೆ ಬಂದವರಲ್ಲಿ ಯಾರೂ ಮಗುವನ್ನು ನೋಡಲಿಲ್ಲ. ಅವಳ ತುಟಿ ಒಡೆದು ಸಿಪ್ಪೆ ಏಳುತ್ತಿತ್ತು. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಮುದ್ದೆ ಕಂಡರೆ ಮುಖ ತಿರುಗಿಸುವಳು. ನೀರು, ನೀರು ಎಂದು ಬಿಂದಿಗೆಗೇ ಬಾಯಿ ಹಾಕುವಳು, ಕುಡಿದದ್ದನ್ನು ಮತ್ತೆ ಕಾರುವಳು. "ಅವ್ವಾ, ತಲೆ ಒಳಗೆ ಯಾರೋ ಕುಟ್ತಾವ್ರೆ" ಎಂದು ನನ್ನ ಮಡಿಲಲ್ಲಿ ಹಣೆ ಒತ್ತಿಕೊಳ್ಳುವಳು.

ಒಂದು ಮಧ್ಯಾಹ್ನ ಅವಳು ಒಳಗೆ ಚಾಪೆಯ ಮೇಲೆ ಮುದುರಿ ಮಲಗಿದ್ದಳು. ನಾನು ಹಿತ್ತಿಲಿಗೆ ಹೋದೆ. ಬಚ್ಚಲ ಗೋಡೆಯ ಮೇಲೆ ಅವಳ ನೆರಳು ನಿಂತಿತ್ತು. ಮಗುವಿನಿಂದ ಅಷ್ಟು ದೂರ, ಒಂಟಿಯಾಗಿ, ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡು. ನಾನು ಬಂದದ್ದು ತಿಳಿದಂತೆ ತಲೆ ಇತ್ತ ತಿರುಗಿತು. ನೆರಳಿಗೆ ಮುಖವೆಲ್ಲಿಯದು, ಆದರೂ ನೋಡಿತು ಎಂದೇ ಹೇಳಬೇಕು. ಒಳಗೆ ಜವನಿ ಓಕರಿಸುವುದು ಕೇಳಿಸಿತು. ಅಲ್ಲಿ ಮಗುವಿನ ಬೆನ್ನು ಬಾಗಿ ಬಾಗಿ ಏಳುತ್ತಿರುವಾಗ ಇಲ್ಲಿ ಗೋಡೆಯ ಮೇಲಿನದು ಅಲುಗಲೇ ಇಲ್ಲ.

ಆ ವಾರವೇ ದಿಣ್ಣೆಯಾಚೆಯಿಂದ ದಾದಿ ಫಿಲೋಮಿನಮ್ಮ ಬಂದರು. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಂದು ಮಕ್ಕಳನ್ನು ನೋಡಿಹೋಗುವ ಹೆಂಗಸು. ಜವನಿಯ ಕಣ್ಣು ಎಳೆದು, ಹೊಟ್ಟೆಯ ಬಲಮಗ್ಗುಲು ಒತ್ತಿ ನೋಡಿದರು. ಮಗು ಚೀರಿತು. "ಎಣ್ಣೆ ದಿನಕ್ಕೆಷ್ಟು ಕೊಡ್ತೀರಿ?" ಎಂದು ಕೇಳಿದರು.

"ಒಂದು ಚಿಪ್ಪು, ಸಂಜೆ" ಅಂದೆ ನಾನು.

"ಬೆಳಿಗ್ಗೆ ನಂದೊಂದು" ಎಂದಳು ಅತ್ತೆ, ಒಲೆಯ ಮುಂದಿನಿಂದ.

ಕೆಂಚಪ್ಪ ಕೆಮ್ಮಿದ. "ಗುಳಿಗೆ ಎಲ್ಡು. ಅದು ಎಣ್ಣೆ ಲೆಕ್ಕಕ್ಕೆ ಬರಕಿಲ್ಲ ಅಂದ್ಕಂಡೆ."

ಮೂಲೆಯಲ್ಲಿ ಕೆಸ ಸುಲಿಯುತ್ತಿದ್ದ ದ್ಯಾಮಿ ಕಿಸಕ್ಕೆಂದಳು. "ತೊರೆಯಮ್ಮ ಬಂದಾಗೆಲ್ಲ ಎಣ್ಣೆ ಅದ್ದಿದ ಬೆಳ್ಳು ನೆಕ್ಕಿಸ್ತಾಳಲ್ಲ, ಅದ್ಯಾಕ್ ಬುಟ್ರಿ? ನಂಗೆ ಕೊಡಾದು ಬುಟ್ಟು, ನನ್ನ ಪಾಲೂ ಇದ್ಕೇ ಹುಯ್ದವ್ರೆ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಫಿಲೋಮಿನಮ್ಮ ನಿಧಾನವಾಗಿ ಹೇಳಿದರು: "ಎಣ್ಣೆ ಕೆಟ್ಟದ್ದು ಅಂತ ನಾನು ಅನ್ನಲ್ಲ. ಇದಿಲ್ಲದಿದ್ರೆ ಈ ಊರಲ್ಲಿ ಒಂದು ಕಾಲೂ ನೆಟ್ಟಗಿರ್ತಿರಲಿಲ್ಲ. ಆದ್ರೆ ಇದು ನೀರಲ್ಲಿ ಕರಗೋ ಸತ್ವ ಅಲ್ಲಮ್ಮ, ಮಿಕ್ಕಿದ್ದು ಉಚ್ಚೇಲಿ ಹೋಯ್ತು ಅನ್ನೋಕೆ. ಕೊಬ್ಬಲ್ಲಿ ಕರಗೋದು. ಹೆಚ್ಚಾಗಿದ್ದು ಮಗೂ ಈಲಿಯಲ್ಲೇ ಕೂತ್ಕೊಂಡು ತುಂಬ್ತಾ ಹೋಗುತ್ತೆ. ಗುಳಿಗೇಲಿರೋದೂ ಅದೇ. ಈಗ ಎಲ್ಲ ನಿಲ್ಸಿ. ಬಾಯಾರಿಕೆ ಇಳೀಲಿ, ಊಟ ಸೇರ್ಲಿ. ಆಮೇಲೆ ಅರ್ಧ ಚಿಪ್ಪು, ಒಬ್ರೇ ಕೊಡಿ. ಸಾಧ್ಯ ಆದ್ರೆ ದಿಣ್ಣೆ ಮೇಲೆ ಬಿಸಿಲಿಗೆ ಕರ್ಕೊಂಡ್ಬನ್ನಿ."

"ಗೋಡೆ ತೋರಿಸ್ದೆ ಇರೋ ಕೂಸು ದಿಣ್ಣೆ ಹತ್ತಂಗಿಲ್ಲ" ಎಂದಳು ಅತ್ತೆ. ದಾದಿ ಹೊರಟ ಮೇಲೆ, ಹೋಗುವವರಿಗೂ ಅದೇ ಪದ್ಧತಿ, ಕದ ಹಿಡಿದು ನಿಂತವಳು, ಏನೂ ದಾಟದ್ದನ್ನು ನೋಡಿ ಮೂತಿ ತಿರುವಿದಳು. "ಅವ್ಳಿಗೇ ನೆಳ್ಳಿಲ್ಲ. ನೆಳ್ಳಿಲ್ಲದವಳ ಮಾತು ಕಟ್ಕಂಡು ಮಗೂ ಬಾಳು ಹಾಳು ಮಾಡಾಕದಾ? ಗೋಡೆ ಇನ್ನೇನು ಬಂದೇಬುಡ್ತು."

ಅಂದಿನಿಂದ ಚಿಪ್ಪನ್ನು ನಾನು ಸೆರಗಿನಲ್ಲಿ ಗಂಟು ಹಾಕಿಕೊಂಡೆ. ಗುಳಿಗೆಯ ಸೀಸೆಯನ್ನು ಕೆಂಚಪ್ಪ ತಾನಾಗಿ ತಂದು ನನ್ನ ಕೈಗೆ ಕೊಟ್ಟ, ಆದರೆ ಮಾತು ಬಿಟ್ಟ. ಎಣ್ಣೆ ನಿಂತ ಮರುದಿನದಿಂದ ನೆರಳು ಅಡುಗೆಮನೆ ಬಿಟ್ಟು ಕದಲಲಿಲ್ಲ. ನಾನು ಒಲೆ ಊದುವಾಗ ಎಣ್ಣೆಯ ಗಡಿಗೆಯಿಟ್ಟ ಗೋಡೆಮಾಡದ ಮುಂದೆ ನಿಂತಿರುತ್ತಿತ್ತು. ಏನಾದರೂ ತೆಗೆಯಲು ಕೈ ಚಾಚಿದರೆ ನನ್ನ ತೋಳಿನ ಮೇಲೆ ಬಿದ್ದು, ತಣ್ಣನೆಯ ಒದ್ದೆಬಟ್ಟೆ ಹೊದಿಸಿದಂತಾಗುತ್ತಿತ್ತು. ಬೈದರೆ ಸರಿಯುತ್ತಿರಲಿಲ್ಲ. ಮೂಗಪ್ಪನ ಸೊಸೆಯಂತೆ ಬೇಡಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನನ್ನ ಮಗಳಿಗೆ ಇನ್ನೂ ಉಸಿರಿತ್ತು.

ಮಗುವಿನ ಬಾಯಾರಿಕೆ ಇಳಿಯುತ್ತ ಬಂದಿತ್ತು. ತುಟಿ ಮಾಯುತ್ತಿತ್ತು. ಆದರೆ ನನಗೆ ಇನ್ನೊಂದು ಭಯ. ಕೂತು ಏಳುವಾಗ ಅವಳು ಮಂಡಿ ಹಿಡಿದುಕೊಂಡರೆ ಸಾಕು, ನನ್ನ ಕಣ್ಣು ದ್ಯಾಮಿಯ ಮಣೆಯ ಮೇಲೆ ಹೋಗುತ್ತಿತ್ತು. ಅದು ದ್ಯಾಮಿಗೆ ತಿಳಿಯಿತು. "ನನ್ನ ಯಾಕೆ ನೋಡೀಯೆ? ನಂಗೇನಾಗದೆ? ಅತ್ತೆಮನೆ ಕಾಟ ತಪ್ತು, ಕಾಲಿಗೆ ಮುಳ್ಳು ಚುಚ್ಚೋದು ತಪ್ತು" ಎಂದು ನಕ್ಕಳು. ಆಮೇಲೆ ಕೆಸದ ಲೋಳೆ ಅಂಟಿದ ಕೈಯಿಂದಲೇ ನನ್ನ ಸೆರಗಿನ ಗಂಟು ಮುಟ್ಟಿದಳು. "ಇದನ್ನ ಪೂರ್ತಿ ಬಿಸಾಕ್ಬ್ಯಾಡ ಕಣೆ. ತೆವಳೋರ್ನ ನೋಡಾಕೆ ತಮಾಸೆ. ಮಳೆ ಬಂದಾಗ ಒಳಗೆ ಓಡ್ಬೇಕು ಅನ್ನಿಸ್ತದಲ್ಲ, ಅದು ನೋಡೋರಿಗೆ ಕಾಣಾಕಿಲ್ಲ. ಅದೂ ಬ್ಯಾಡ, ಮೂಗಪ್ಪಂದೂ ಬ್ಯಾಡ. ಮಧ್ಯದಾಗೆ ಎಲ್ಲಾರ ಒಂದು ಜಾಗ ಇದ್ದೀತು, ನೋಡು."

ಗೋಡೆಯ ದಿನ ಬಂತು. ಬೆಳಿಗ್ಗೆ ಕೆಂಚಪ್ಪ ನನ್ನೆದುರು ಬಂದು ನಿಂತ. "ಇವತ್ತೊಂದು ದಿನ. ಒಂದೇ ಚಿಪ್ಪು. ಹೆಸ್ರು ಕೂಗಿಸ್ಕಂಡು ಬಂದುಬುಡಾನ, ನಾಳಿಂದ ನೀನು ಹೇಳ್ದಂಗೆ" ಅಂದ. ಅವನ ಮಾತು ಒರಟಾಗಿದ್ದರೆ ಸುಲಭವಾಗುತ್ತಿತ್ತು, ಅವನು ಬೇಡುತ್ತಿದ್ದ. ನಾನು ಗಂಟು ಬಿಚ್ಚಲಿಲ್ಲ. ಮಗುವಿಗೆ ಉಳಿದಿದ್ದ ಕೂದಲಿಗೇ ಒಂದು ಹೂ ಸಿಕ್ಕಿಸಿ ಕೈ ಹಿಡಿದು ಹೊರಟೆ. ನೆರಳು ಅಡುಗೆಮನೆಯಲ್ಲೇ ಇತ್ತು, ಹಿಂದೆ ಬರಲಿಲ್ಲ.

ಚಾವಡಿಯಲ್ಲಿ ಜವನಿಯ ಸರದಿ ಬಂದಾಗ ಸುಣ್ಣದ ಗೋಡೆ ಬೆಳ್ಳಗೆ ಖಾಲಿ ಇತ್ತು. ಜನ ಗುಸುಗುಸು ಮಾಡಿದರು. ಯಜಮಾನರು ಒಳ್ಳೆಯವರು, "ತಾಳ್ರಪ್ಪ, ತುಂಬಿದ ನೆಳ್ಳು, ನಿಧಾನಕ್ಕೆ ಬತ್ತದೆ" ಅಂದರು. ಎಲ್ಲರೂ ಬೀದಿಯ ಕಡೆ ತಿರುಗಿ ಕಾದೆವು. ಸ್ವಲ್ಪ ಹೊತ್ತಿಗೆ ಅದು ಬಂತು. ನಮ್ಮ ಮನೆಯ ಕಡೆಯಿಂದ ಗೋಡೆಗೋಡೆಯನ್ನೇ ಹಾಯ್ದು, ಮದುವಣಗಿತ್ತಿಯ ನಡಿಗೆಯಲ್ಲಿ ಬಂತು. ಜನ ಎದ್ದು ದಾರಿ ಬಿಟ್ಟರು. ಅದು ಸುಣ್ಣದ ಗೋಡೆಯ ಮೇಲೇರಿ, ಮಗುವಿನ ಪಕ್ಕದಲ್ಲಲ್ಲ, ನಟ್ಟನಡುವೆ ನಿಂತಿತು. ಅದರ ಅಂಚು ಕತ್ತರಿಸಿದಷ್ಟು ನೇರವಾಗಿತ್ತು. ಹೆಂಗಸರ ಬಾಯಿಂದ ಉಸಿರು ಹೊರಟದ್ದು ನನಗೆ ಕೇಳಿಸಿತು.

"ಕೈ ಎತ್ತು ಮಗಾ" ಎಂದರು ಯಜಮಾನರು. ಜವನಿ ಎತ್ತಿದಳು. ಗೋಡೆಯ ಮೇಲಿನದು ಎತ್ತಲಿಲ್ಲ. "ಇನ್ನೊಂದು ಕಿತ." ಜವನಿ ಎರಡೂ ಕೈ ಎತ್ತಿದಳು. ಅದು ಸುಮ್ಮನೆ ನಿಂತು ಅವಳನ್ನು ನೋಡಿತು. ಆಗ ತೊರೆಯಮ್ಮ, "ಇಂಥ ನೆಳ್ಳಿಗೆ ಕೈ ಕಾಲು ಅಂತ ಲೆಕ್ಕ ಹಿಡೀತಾರಾ? ಕೂಗ್ರಪ್ಪ ಹೆಸ್ರ" ಅಂದಳು. ಹೌದು ಹೌದು ಎಂದಿತು ಜನ. ಕೆಂಚಪ್ಪ ಒಂದು ಹೆಜ್ಜೆ ಮುಂದೆ ಬಂದು, "ನಮ್ ಜವನೀದೇ ಅದು" ಅಂದ. ಯಜಮಾನರು ಗಂಟಲು ಸರಿಮಾಡಿಕೊಂಡು, ಕಣ್ಣನ್ನು ಮಗುವಿನಿಂದ ತೆಗೆದು ಗೋಡೆಯ ಮೇಲಿನದರ ಮೇಲೆ ನೆಟ್ಟರು. ಹೆಸರು ಹೋಗಿ ಬೀಳುವುದು ಅಲ್ಲಿಗೇ ಎಂದು ನನಗೆ ತಿಳಿದುಹೋಯಿತು. ಆಮೇಲೆ ಅದಕ್ಕೆ ಉಣಿಸಬೇಕು, ದಿನವೂ, ನನ್ನ ಮಗಳ ಬಾಯಿಂದಲೇ ಉಣಿಸಬೇಕು.

"ಅದು ನನ್ನ ಮಗಳದಲ್ಲ" ಅಂದೆ.

ಹೆತ್ತವಳೇ ನೆರಳನ್ನು ಅಲ್ಲಗಳೆದದ್ದು ಆ ಗೋಡೆ ಕಂಡಿರಲಿಲ್ಲ. "ಯೋಚ್ನೆ ಮಾಡ್ ಹೇಳವ್ವ" ಎಂದರು ಯಜಮಾನರು. "ಮಾಡೇ ಹೇಳ್ತಿವ್ನಿ ಬುದ್ಧೀ. ಇವ್ಳು ಇಲ್ಲೇ ಅವ್ಳೆ. ಇವ್ಳ ನೆಳ್ಳು ಇನ್ನೂ ಬಿದ್ದಿಲ್ಲ. ಬಿದ್ದಾಗ ಕರ್ಕಂಡು ಬತ್ತೀನಿ." ಮಗುವಿನ ಕೈ ಇಳಿಸಿ ಹಿಡಿದುಕೊಂಡೆ. ಕೆಂಚಪ್ಪ ಅಲ್ಲಿಂದ ಹೊರಟವನು ಎರಡು ದಿನ ಮನೆಗೆ ಬರಲಿಲ್ಲ. ದಾರಿಯಲ್ಲಿ ಜವನಿ ಅತ್ತಳು, ಹೆಸರು ಕೂಗಲಿಲ್ಲವೆಂದು. ಅತ್ತು ಮುಗಿದ ಮೇಲೆ, "ಅವ್ವಾ, ಮುದ್ದೆ ಅದಾ?" ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ಆ ಮಾತು.

ಈಗ ಅವಳಿಗೆ ಅರ್ಧ ಚಿಪ್ಪು, ಅದೂ ನನ್ನ ಕೈಯಿಂದ ಮಾತ್ರ. ವಾರಕ್ಕೊಮ್ಮೆ ಹಿತ್ತಿಲಲ್ಲಿ ನಿಲ್ಲಿಸಿ ಮಂಡಿಯ ನಡುವೆ ನನ್ನ ಮುಷ್ಟಿ ಇಟ್ಟು ನೋಡುತ್ತೇನೆ. ನೆಲ ನೋಡುವುದಿಲ್ಲ. ಕೆಂಚಪ್ಪ ತಿರುಗಿ ಬಂದ, ಮಾತಾಡಿದ, ಮಗಳನ್ನು ಹೆಗಲ ಮೇಲೆ ಹೊತ್ತು ಕೆಸದ ಮಡಿಗೆ ಹೋಗುತ್ತಾನೆ. ಊರಿಗೆ ಅವಳಿನ್ನೂ "ಆ ಮನೆ ಕೂಸು". ಕೂದಲು ಚೋಟುದ್ದ ಬಂದಿದೆ. ನಡಿಗೆ ಸ್ವಲ್ಪ ಓಲಾಡುತ್ತದೆ, ಆದರೆ ಮಳೆ ಬಂದರೆ ಒಳಗೆ ಓಡಿ ಬರುತ್ತಾಳೆ.

ಒಂದು ವಿಷಯ ಮಾತ್ರ ಬಹಳ ದಿನ ನನಗೆ ಬಗೆಹರಿಯಲಿಲ್ಲ. ಗಡಿಗೆಯ ಎಣ್ಣೆ ಅಳತೆ ಮೀರಿ ಇಳಿಯುತ್ತಿತ್ತು. ಅತ್ತೆಯನ್ನು ತಡೆದು ಕೇಳಿದೆ. "ಮಗೀಗೆ ಒಂದು ತೊಟ್ಟು ಹಾಕಿಲ್ಲ, ನಿನ್ನಾಣೆ" ಅಂದಳು. "ಮತ್ತೆ?" ಎಂದೆ. ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಗೋಡೆಯ ಮೇಲೆ, ನಿಂತ ಹೆಂಗಸಿನ ಬಾಯಿಯಷ್ಟು ಎತ್ತರದಲ್ಲಿ, ಮಣ್ಣು ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಅದರ ಮುಂದೆ ಬಾಚಣಿಗೆ ಇತ್ತು. "ಮಜ್ಗೆ ನೀರಿನಂಗಿದ್ದಾಗಿಂದ ಈ ನೆಳ್ಳನ್ನ ಸಾಕಿವ್ನಿ ಕಣವ್ವ. ಉಪಾಸ ಕೆಡವಾಕೆ ಕೈ ಬರನಿಲ್ಲ" ಅಂದಳು. ಅವಳ ಬೆನ್ನ ಹಿಂದೆ ನೆರಳು ತಲೆ ಬಾಗಿಸಿ ನಿಂತಿತ್ತು.

ಅದನ್ನು ಕಿತ್ತುಹಾಕುವುದು ಹೇಗೆಂದು ನಮ್ಮೂರಲ್ಲಿ ಯಾರಿಗೂ ತಿಳಿಯದು. ಉಣ್ಣುವ ಹೊತ್ತಿಗೆ ನಾನು "ಜವನೀ" ಎಂದು ಕೂಗುತ್ತೇನೆ. ಮೊದಲು ಬರುವುದು ಅದು. ಸದ್ದಿಲ್ಲದೆ ಬಂದು ತಟ್ಟೆಯ ಮುಂದಿನ ಗೋಡೆಯ ಮೇಲೆ ಕೂರುತ್ತದೆ. ನಾನು ತಲೆ ಎತ್ತುವುದಿಲ್ಲ. ಹಿತ್ತಿಲ ಕಡೆಯಿಂದ, ಒಂದು ಕಾಲು ಮೆತ್ತಗೆ ಒಂದು ಕಾಲು ಗಟ್ಟಿಯಾಗಿ, ಹೆಜ್ಜೆಯ ಸದ್ದು ಹತ್ತಿರ ಹತ್ತಿರ ಬರುವವರೆಗೆ ಮುದ್ದೆ ಮುರಿಯದೆ ಕಾಯುತ್ತೇನೆ.